ಗುಡಿಯ ಗೋಡೆ ಮೇಲೆ ಮತ್ತೆ ಗುಡಿ ಯಾಕೆ? ಲಕ್ಕುಂಡಿ, ಡಂಬಳ ನೋಡುವ ಮುಂಚೆ

ಲಕ್ಕುಂಡಿಯ ಕಾಶಿ ವಿಶ್ವನಾಥ ಗುಡಿಯ ಪಕ್ಕದಲ್ಲಿ ನಿಂತು ನನ್ನ ತಂಗಿಯ ಮಗ ಒಂದು ಪ್ರಶ್ನೆ ಕೇಳಿದ. "ಮಾಮಾ, ಗುಡಿ ಗ್ವಾಡಿ ಮ್ಯಾಲೆ ಮತ್ತ ಸಣ್ಣ ಸಣ್ಣ ಗುಡಿ ಯಾಕ ಕೆತ್ಯಾರ?"

ನಾನು ಹುಬ್ಬಳ್ಳಿಯವನು. ಲಕ್ಕುಂಡಿಗೆ ಹೋಗಿದ್ದು ಅದು ನಾಲ್ಕನೇ ಸಲವೋ ಐದನೇ ಸಲವೋ. ಅಷ್ಟೂ ಸಲ ಆ ಗೋಡೆಯ ಮುಂದೆ ಫೋಟೋ ತೆಗೆಸಿಕೊಂಡಿದ್ದೇನೆ. ಅಲ್ಲಿ ಸಣ್ಣ ಗುಡಿಗಳಿವೆ ಅನ್ನುವುದೇ ಗೊತ್ತಿರಲಿಲ್ಲ. "ಛಂದ ಕಾಣಲಿ ಅಂತ" ಎಂದು ತೇಲಿಸಿಬಿಟ್ಟೆ. ಆರನೇ ತರಗತಿಯ ಹುಡುಗ ಒಪ್ಪಲಿಲ್ಲ. ಛಂದ ಕಾಣಬೇಕಾದರೆ ಹೂವು ಕೆತ್ತಬಹುದಿತ್ತಲ್ಲ, ಗುಡಿಯನ್ನೇ ಯಾಕೆ?

ಈಚೆಗೆ ಲಕ್ಕುಂಡಿಯ ಹೆಸರು ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರುತ್ತಿದೆ. ರವಿವಾರ ಬಂದರೆ ಕಾರು ತುಂಬಿಕೊಂಡು ಬರುವ ಕುಟುಂಬಗಳೂ ಜಾಸ್ತಿ. ಬಂದವರು ಹತ್ತು ನಿಮಿಷ ಸುತ್ತುತ್ತಾರೆ, "ಭಾರೀ ಕೆತ್ತನೆ ಐತಿ" ಅನ್ನುತ್ತಾರೆ, ನೆರಳು ಹುಡುಕಿ ಬುತ್ತಿ ಬಿಚ್ಚುತ್ತಾರೆ. ನಾವೂ ಅದನ್ನೇ ಮಾಡುತ್ತಿದ್ದೆವು. ಗುಡಿ ನೋಡುವುದು ಹೇಗೆ ಅಂತ ಶಾಲೆಯಲ್ಲಿ ಯಾರೂ ಹೇಳಿಕೊಡಲಿಲ್ಲ. ರಾಜರ ಹೆಸರು, ಇಸವಿ ಹೇಳಿಕೊಟ್ಟರು, ಅಷ್ಟೇ. ಹುಡುಗನ ಪ್ರಶ್ನೆಗೆ ಉತ್ತರ ಹುಡುಕುತ್ತಾ ನಾನು ತಿಳಿದುಕೊಂಡದ್ದು ಇಲ್ಲಿದೆ.

ಯಾವ ಚಾಲುಕ್ಯರು?

ಲಕ್ಕುಂಡಿಯ ಗುಡಿಗಳು ಚಾಲುಕ್ಯರ ಕಾಲದವು ಅನ್ನುತ್ತಾರೆ. ಮೊದಲು ಅಲ್ಲಿನ ಒಂದು ಗೊಂದಲ ಬಿಡಿಸಿಕೊಳ್ಳೋಣ. ಚಾಲುಕ್ಯರು ಅಂದಕೂಡಲೇ ಬಾದಾಮಿ, ಐಹೊಳೆ, ಪಟ್ಟದಕಲ್ಲು ನೆನಪಾಗುತ್ತವೆ. ಅವರು 6ರಿಂದ 8ನೇ ಶತಮಾನದವರು. ಅವರಾದ ಮೇಲೆ ಸುಮಾರು 200 ವರ್ಷ ರಾಷ್ಟ್ರಕೂಟರು ಆಳಿದರು. 973ರಲ್ಲಿ ಚಾಲುಕ್ಯರ ಹೆಸರು ಹೇಳಿಕೊಂಡ ಇನ್ನೊಂದು ಮನೆತನ ಮೇಲೆದ್ದಿತು. ಅವರ ರಾಜಧಾನಿ ಮುಂದೆ ಕಲ್ಯಾಣ, ಅಂದರೆ ಈಗಿನ ಬಸವಕಲ್ಯಾಣ. ಹಾಗಾಗಿ ಅವರು ಕಲ್ಯಾಣ ಚಾಲುಕ್ಯರು. ಗದಗ, ಹಾವೇರಿ, ಧಾರವಾಡದ ಕಡೆ ನಾವು "ಹಳೇ ಕಲ್ಲಿನ ಗುಡಿ" ಎಂದು ತೋರಿಸುವವುಗಳಲ್ಲಿ ಹೆಚ್ಚಿನವು ಇವರ ಕಾಲದವು, ಅಂದರೆ 11 ಮತ್ತು 12ನೇ ಶತಮಾನದವು.

ರಾಜಧಾನಿ ಕಲ್ಯಾಣದಲ್ಲಿ. ಒಳ್ಳೊಳ್ಳೆಯ ಗುಡಿಗಳು ಮಾತ್ರ ನಮ್ಮ ಕಡೆ, ತುಂಗಭದ್ರೆಯ ಸುತ್ತಮುತ್ತ. ಯಾಕೆ ಅನ್ನುವುದಕ್ಕೆ ಒಂದು ದೊಡ್ಡ ಕಾರಣ ಕಾಲ ಕೆಳಗೇ ಇದೆ. ಅದಕ್ಕೆ ಆಮೇಲೆ ಬರುತ್ತೇನೆ.

ಲಕ್ಕುಂಡಿಯ ಹಳೆಯ ಹೆಸರು ಲೊಕ್ಕಿಗುಂಡಿ. ಗದಗಿನಿಂದ ಕೊಪ್ಪಳದ ದಾರಿಯಲ್ಲಿ ಸುಮಾರು 12 ಕಿ.ಮೀ. ಆಗ ಅದು ಹಳ್ಳಿ ಆಗಿರಲಿಲ್ಲ, ಟಂಕಸಾಲೆ ಇದ್ದ ಪಟ್ಟಣ. ಅಲ್ಲಿ ಅಚ್ಚಾದ ಹೊನ್ನಿನ ನಾಣ್ಯಕ್ಕೆ ಲೊಕ್ಕಿ ಗದ್ಯಾಣ ಎಂದೇ ಹೆಸರು. ಚಾಲುಕ್ಯರು ಸೊರಗಿದ ಮೇಲೆ ಹೊಯ್ಸಳ ಇಮ್ಮಡಿ ವೀರಬಲ್ಲಾಳ ದೇವಗಿರಿಯ ಸೇವುಣರನ್ನು ಸೋಲಿಸಿ, 1192ರ ಹೊತ್ತಿಗೆ ಇದೇ ಊರಿನಿಂದ ಆಳುತ್ತಿದ್ದ. 101 ಗುಡಿ, 101 ಬಾವಿ ಇದ್ದವು ಅನ್ನುವ ಮಾತು ಊರಲ್ಲಿ ಇವತ್ತಿಗೂ ಇದೆ. ಲೆಕ್ಕ ಹಾಕಿದವರು ಯಾರೋ. ಆದರೆ ಓಣಿಯಲ್ಲಿ ನಡೆಯುತ್ತಿದ್ದರೆ ಒಂದು ಮನೆಯ ಹಿತ್ತಿಲಲ್ಲಿ ಗುಡಿ, ಇನ್ನೊಂದು ಮನೆಯ ಗೋಡೆಗೆ ಹೊಂದಿಕೊಂಡು ಗುಡಿ. ಆ ಮಾತು ನಂಬಬೇಕು ಅನ್ನಿಸುತ್ತದೆ.

ಗುಡಿ ಅಂದರೆ ದೇವರ ಮನೆ. ನಮ್ಮ ಮನೆಯ ಹಾಗೇ

ಗುಡಿಯ ಭಾಗಗಳಿಗೆ ದೊಡ್ಡ ದೊಡ್ಡ ಹೆಸರುಗಳಿವೆ. ಹೆದರಬೇಕಾಗಿಲ್ಲ. ನಮ್ಮ ಕಡೆಯ ಹಳೆಯ ಮನೆಯನ್ನು ನೆನಪಿಸಿಕೊಳ್ಳಿ. ಹೊರಗೆ ಕೂರಲು ಕಟ್ಟೆ, ಒಳಗೆ ಬಂದರೆ ಪಡಸಾಲೆ, ಅದನ್ನು ದಾಟಿ ಒಂದು ಸಣ್ಣ ಹಾದಿ, ಆಮೇಲೆ ಕತ್ತಲೆಯ ದೇವರ ಕೋಣೆ.

ಗುಡಿಯೂ ಹಾಗೇ. ಮುಂದೆ ತೆರೆದ ಮುಖಮಂಟಪ. ಅದರ ಅಂಚಿನಲ್ಲಿ ಬೆನ್ನು ಒರಗಿಸಿ ಕೂರಲು ಕಲ್ಲಿನ ಆಸನ ಇರುತ್ತದೆ. ಅದಕ್ಕೆ ಕಕ್ಷಾಸನ ಎಂದು ಹೆಸರು. ಅದೇ ನಮ್ಮ ಕಟ್ಟೆ. ಒಳಗೆ ಕಂಬಗಳ ನವರಂಗ, ಅದು ಪಡಸಾಲೆ. ನವರಂಗದ ಹೆಸರಲ್ಲೇ ಲೆಕ್ಕವಿದೆ. ನಡುವೆ ನಾಲ್ಕು ಕಂಬ ನಿಲ್ಲಿಸಿದರೆ ಮೇಲಿನ ಚಾವಣಿ ಒಂಬತ್ತು ಚೌಕಗಳಾಗಿ ಒಡೆಯುತ್ತದೆ. ಆಮೇಲೆ ಸುಕನಾಸಿ ಎಂಬ ಇಕ್ಕಟ್ಟಾದ ಹಾದಿ. ಕೊನೆಗೆ ಗರ್ಭಗುಡಿ. ಒಂದೊಂದು ಹೆಜ್ಜೆಗೂ ಬೆಳಕು ಕಡಿಮೆಯಾಗುತ್ತದೆ, ಜಾಗ ಕಿರಿದಾಗುತ್ತದೆ. ಬಿಸಿಲಿನಿಂದ ಬಂದವನ ಕಣ್ಣು ನಿಧಾನಕ್ಕೆ ಕತ್ತಲೆಗೆ ಹೊಂದಿಕೊಳ್ಳುತ್ತದೆ.

ಹೊರಗಡೆಯಿಂದ ನೋಡಿದರೆ ಮೂರೇ ಭಾಗ. ಕೆಳಗೆ ಪಟ್ಟಿ ಪಟ್ಟಿಯಾಗಿ ಕಾಣುವ ಬುಡ, ಅದು ಅಧಿಷ್ಠಾನ. ನಡುವೆ ಗೋಡೆ. ಮೇಲೆ ಶಿಖರ. ಶಿಖರ ಇರುವುದು ಗರ್ಭಗುಡಿಯ ತಲೆಯ ಮೇಲೆ. ದೂರದಿಂದ ಶಿಖರ ಕಂಡರೆ ದೇವರು ಎಲ್ಲಿ ಕೂತಿದ್ದಾನೆ ಅಂತ ಗೊತ್ತಾಯಿತು ಅಂತಲೇ ಅರ್ಥ.

ಇನ್ನು 'ಕೂಟ'. ಒಂದು ಗರ್ಭಗುಡಿ ಇದ್ದರೆ ಏಕಕೂಟ, ಎರಡಿದ್ದರೆ ದ್ವಿಕೂಟ, ಮೂರಿದ್ದರೆ ತ್ರಿಕೂಟ. ಕಾಶಿ ವಿಶ್ವನಾಥ ಗುಡಿ ದ್ವಿಕೂಟ, ಅದೂ ಅಪರೂಪದ್ದು. ಒಂದೇ ಜಗಲಿಯ ಮೇಲೆ ಎರಡು ಗುಡಿಗಳು ಎದುರುಬದುರಾಗಿ ನಿಂತಿವೆ. ದೊಡ್ಡದು ಶಿವನದು, ಪೂರ್ವಕ್ಕೆ ಮುಖ. ಚಿಕ್ಕದು ಸೂರ್ಯನದು, ಪಶ್ಚಿಮಕ್ಕೆ ಮುಖ. ಸಾಮಾನ್ಯವಾಗಿ ಸೂರ್ಯನ ಗುಡಿ ಪೂರ್ವಕ್ಕೆ ನೋಡುತ್ತದೆ. ಇಲ್ಲಿ ಸೂರ್ಯ ಶಿವನ ಕಡೆ ತಿರುಗಿ ಕೂತಿದ್ದಾನೆ. ನಮ್ಮ ಅವ್ವ ಇದನ್ನು ಕೇಳಿ, "ಎದುರು ಮನಿಯವರ ಕೂಡ ಮಾತಾಡಕೋಂತ ಕೂತಂಗ" ಅಂದಳು. ನನಗೆ ಇದಕ್ಕಿಂತ ಚೆನ್ನಾಗಿ ವಿವರಿಸಲು ಬಂದಿಲ್ಲ.

ಎಲ್ಲದಕ್ಕೂ ಕಾರಣ ಆ ಕಲ್ಲು

ಈಗ ಕಾಲ ಕೆಳಗಿನ ಕಾರಣಕ್ಕೆ ಬರೋಣ.

ಬಾದಾಮಿ, ಪಟ್ಟದಕಲ್ಲಿನ ಗುಡಿಗಳು ಕೆಂಪಗೆ ಇವೆ. ಅದು ಮರಳುಗಲ್ಲು. ದೊಡ್ಡ ದೊಡ್ಡ ಬಂಡೆಗಳಾಗಿ ಸಿಗುತ್ತದೆ. ಅದರಲ್ಲಿ ಎತ್ತರದ ಗುಡಿ ಕಟ್ಟಬಹುದು. ಆದರೆ ಬೆರಳಿನ ಉಗುರು, ಸರದ ಮಣಿ ಇಂಥ ಸಣ್ಣ ಕೆಲಸಕ್ಕೆ ಕೈ ಹಾಕಿದರೆ ಅದರ ಕಣಕಣ ಉದುರುತ್ತದೆ. ಲಕ್ಕುಂಡಿಯ ಕಲ್ಲು ಬೂದು ಹಸಿರು. ಭೂವಿಜ್ಞಾನದವರು ಇದನ್ನು ಕ್ಲೋರೈಟ್ ಶಿಸ್ಟ್ ಎನ್ನುತ್ತಾರೆ. ನಾವು ಬಳಪದ ಕಲ್ಲು ಎನ್ನುತ್ತೇವೆ. ಹೌದು, ಪಾಟಿಯ ಮೇಲೆ ಬರೆಯುತ್ತಿದ್ದ ಬಳಪದ್ದೇ ಬಳಗ. ಉಗುರಿನಿಂದ ಗೀರಿದರೂ ಗೆರೆ ಬೀಳುವಷ್ಟು ಮೆತ್ತಗಿರುವ ಜಾತಿಯೂ ಅದರಲ್ಲಿದೆ. (ಗುಡಿಯಲ್ಲಿ ಗೀರಿ ನೋಡಬೇಡಿ ಮತ್ತೆ.)

ಈ ಕಲ್ಲಿನ ಗುಣವನ್ನು ಉತ್ತರ ಕರ್ನಾಟಕದವರಿಗೆ ವಿವರಿಸುವುದು ಸುಲಭ. ಜೋಳದ ರೊಟ್ಟಿ ಹಂಚಿನಿಂದ ತೆಗೆದಾಗ ಮೆತ್ತಗೆ, ಹೇಗೆ ಬೇಕಾದರೂ ಮಡಚಬಹುದು. ಗಾಳಿಗೆ ಬಿಟ್ಟರೆ ಖಡಕ್. ಬಳಪದ ಕಲ್ಲೂ ಗಣಿಯಿಂದ ತೆಗೆದ ಹೊಸತರಲ್ಲಿ ಉಳಿಗೆ ಸುಲಭವಾಗಿ ಬಗ್ಗುತ್ತದೆ. ಗಾಳಿ ಬಿಸಿಲಿಗೆ ಬಿದ್ದ ಮೇಲೆ ಮೇಲ್ಮೈ ಗಟ್ಟಿಯಾಗುತ್ತಾ ಹೋಗುತ್ತದೆ. ಹಾಗಾಗಿ ಶಿಲ್ಪಿ ಮರದಲ್ಲಿ, ಹಸ್ತಿದಂತದಲ್ಲಿ ಮಾಡುವ ನಾಜೂಕು ಕೆಲಸವನ್ನು ಕಲ್ಲಿನಲ್ಲಿ ಮಾಡಿದ.

ಇದು ಎಲ್ಲಿಂದ ಬಂತು? ಎಲ್ಲಿಂದಲೂ ಅಲ್ಲ, ಇಲ್ಲಿಯದೇ. ಕರ್ನಾಟಕದ ಅತಿ ಹಳೆಯ ಈ ಶಿಸ್ಟ್ ಪದರಗಳಿಗೆ ಭೂವಿಜ್ಞಾನದಲ್ಲಿ ಇರುವ ಹೆಸರೇ 'ಧಾರವಾಡ'. ಪೇಡೆಗಿಂತ ಮೊದಲು ನಮ್ಮ ಜಿಲ್ಲೆಯ ಹೆಸರು ಪರದೇಶದ ಪುಸ್ತಕ ಸೇರಿದ್ದು ಕಲ್ಲಿನಿಂದ ಇರಬೇಕು. ಗದಗಿನ ಹತ್ತಿರದ ಕಪ್ಪತಗುಡ್ಡವೂ ಇದೇ ಕಲ್ಲಿನ ಪಟ್ಟಿಯಲ್ಲಿ ಬರುತ್ತದೆ. ಆ ಪಟ್ಟಿಯಲ್ಲೇ ಒಂದು ಕಾಲಕ್ಕೆ ಚಿನ್ನದ ಗಣಿ ತೋಡಿದ್ದರು.

ಮೆತ್ತನೆಯ ಕಲ್ಲಿಗೆ ಒಂದು ಕೊರತೆಯೂ ಇದೆ. ದೊಡ್ಡ ತುಂಡುಗಳಾಗಿ ಸಿಗುವುದು ಕಡಿಮೆ. ಹಾಗಾಗಿ ಗುಡಿಗಳ ಗಾತ್ರ ತಗ್ಗಿತು, ಕಲ್ಲಿನ ತುಂಡುಗಳು ಚಿಕ್ಕದಾದವು, ಕೆತ್ತನೆ ಜಾಸ್ತಿಯಾಯಿತು. ಪಟ್ಟದಕಲ್ಲಿನ ವಿರೂಪಾಕ್ಷ ಗುಡಿಯನ್ನು ದೂರದಿಂದ ನೋಡಬೇಕು. ಲಕ್ಕುಂಡಿಯ ಗುಡಿಯನ್ನು ಮೂಗು ತಾಗುವಷ್ಟು ಹತ್ತಿರ ಹೋಗಿ ನೋಡಬೇಕು. ಇದೇ ಕಲ್ಲು, ಇದೇ ಕೈಚಳಕ ಮುಂದೆ ಹೊಯ್ಸಳರ ನಾಡಿಗೆ ಹೋಯಿತು. ಬೇಲೂರಿನಲ್ಲಿ ಕೆಲಸ ಮಾಡಿದ ದಾಸೋಜ ಬಳ್ಳಿಗಾವಿಯವನು, ಅಂದರೆ ಚಾಲುಕ್ಯರ ಸೀಮೆಯವನು.

ಕಂಬ: ಕಡೆದದ್ದೋ, ಕೆತ್ತಿದ್ದೋ?

ನವರಂಗದ ಕಂಬಗಳ ಹತ್ತಿರ ಸ್ವಲ್ಪ ನಿಲ್ಲಿ. ಒಂದರ ಮೇಲೊಂದು ಬಳೆ ಜೋಡಿಸಿಟ್ಟಂತೆ, ನಡುವೆ ಗಂಟೆಯ ಆಕಾರ, ಮೇಲೆ ಚಪ್ಪಟೆ ತಟ್ಟೆ. ಅಂಚುಗಳು ಬ್ಲೇಡಿನಂತೆ ಚೂಪು. ಬೆರಳನ್ನು ಗಾಳಿಯಲ್ಲೇ ಆ ಬಳೆಯ ಸುತ್ತ ಆಡಿಸಿ ನೋಡಿ. ಎಲ್ಲೂ ಉಬ್ಬು ತಗ್ಗು ಇಲ್ಲ, ಪೂರ್ತಿ ವೃತ್ತ.

ಉಳಿ ಸುತ್ತಿಗೆಯಿಂದ ಮಾತ್ರ ಇದು ಆಗುವ ಕೆಲಸವಲ್ಲ. ಕಂಬದ ತುಂಡನ್ನು ತಿರುಗುವಂತೆ ಮಾಡಿ, ಹರಿತವಾದ ಉಳಿಯನ್ನು ಒಂದೇ ಕಡೆ ಹಿಡಿದಿರುತ್ತಿದ್ದರು ಅನ್ನುವುದು ಹೆಚ್ಚಿನವರು ಒಪ್ಪುವ ವಿವರಣೆ. ಹುಬ್ಬಳ್ಳಿಯ ಗೋಕುಲ ರಸ್ತೆಯ ಯಾವುದೇ ಸಣ್ಣ ಕಾರ್ಖಾನೆಯ ಲೇತ್ ಯಂತ್ರ ಮಾಡುವುದೂ ಇದನ್ನೇ. ಹಳೆಯ ಮಂಚದ ಕಾಲು, ಬುಗುರಿ, ಎಲ್ಲ ಇದೇ ವಿದ್ಯೆ. ವ್ಯತ್ಯಾಸ ಇಷ್ಟೇ, ಇಲ್ಲಿ ತಿರುಗಿದ್ದು ಆಳೆತ್ತರದ ಕಲ್ಲು, ಅದೂ ಕರೆಂಟ್ ಇಲ್ಲದೆ.

ಕನ್ನಡದಲ್ಲಿ ಇದಕ್ಕೆ ಸರಿಯಾದ ಮಾತು ಇದೆ: ಕಡೆಯುವುದು. ಮಜ್ಜಿಗೆಯನ್ನೂ ಕಡೆಯುತ್ತೇವೆ, ವಿಗ್ರಹವನ್ನೂ ಕಡೆಯುತ್ತೇವೆ. ಕಡಗೋಲು ಗರಗರ ತಿರುಗುವುದನ್ನು ನೋಡಿದವರಿಗೆ ಎರಡು ಕೆಲಸಕ್ಕೂ ಒಂದೇ ಪದ ಯಾಕೆ ಬಂತು ಅಂತ ಬೇರೆ ಹೇಳಬೇಕಿಲ್ಲ. ಅವ್ವ ಕಂಬದ ನುಣುಪಿನಲ್ಲಿ ತನ್ನ ಮುಖ ಹುಡುಕಿದಳು. ಉದ್ದಕ್ಕೆ ಎಳೆದಂತೆ, ಮಸುಕಾಗಿ, ಕುಂಕುಮ ಮಾತ್ರ ಸ್ಪಷ್ಟವಾಗಿ ಕಂಡಿತು.

ಕಂಬದ ಕೆಲಸವನ್ನು ತೃಪ್ತಿಯಾಗುವಷ್ಟು ನೋಡಬೇಕಾದರೆ ಗದಗಿನ ತ್ರಿಕೂಟೇಶ್ವರ ಗುಡಿಯ ಆವರಣದಲ್ಲಿರುವ ಸರಸ್ವತಿ ಗುಡಿಗೆ ಹೋಗಿ. ಅಲ್ಲಿನ ಕಂಬಗಳಲ್ಲಿ ಕೈ ಬಿಡುವು ಕೊಟ್ಟ ಜಾಗವೇ ಇಲ್ಲ. ಸರಸ್ವತಿಯ ಮೂರ್ತಿ ಮುಕ್ಕಾಗಿದೆ, ಆದರೂ ಆಭರಣಗಳ ಕೆಲಸ ಉಳಿದಿದೆ. ತ್ರಿಕೂಟೇಶ್ವರನ ಗರ್ಭಗುಡಿಯಲ್ಲಿ ಒಂದೇ ಪೀಠದ ಮೇಲೆ ಮೂರು ಲಿಂಗ. ಬ್ರಹ್ಮ, ವಿಷ್ಣು, ಮಹೇಶ್ವರ ಎಂದು ಪೂಜೆ.

ಕೊನೆಗೂ ಹುಡುಗನ ಪ್ರಶ್ನೆಗೆ ಉತ್ತರ

ಗೋಡೆಯ ಮೇಲಿನ ಸಣ್ಣ ಗುಡಿ ಹೇಗಿರುತ್ತದೆ ಅಂತ ಮೊದಲು ಗುರುತಿಸೋಣ. ಗೋಡೆಗೆ ಅಂಟಿಕೊಂಡಂತೆ ಒಂದು ತೆಳ್ಳನೆಯ ಅರೆಗಂಬ, ಇಲ್ಲವೇ ಜೋಡಿ ಅರೆಗಂಬ. ಅದರ ತುದಿಯಲ್ಲಿ ಪುಟ್ಟ ಶಿಖರ. ಕಳಸವೂ ಇರುತ್ತದೆ. ಎಲ್ಲ ಸೇರಿ ಒಂದು ಗುಡಿಯ ಮುಂಭಾಗದ ಚಿತ್ರ. ಒಂದು ಕಂಡಮೇಲೆ ಸಾಲಾಗಿ ಕಾಣತೊಡಗುತ್ತವೆ. ಆಮೇಲೆ ಶಿಖರದ ಕಡೆ ತಲೆ ಎತ್ತಿ. ಅಲ್ಲೂ ಅವೇ. ಮಹಡಿ ಮಹಡಿಯಲ್ಲೂ ಸಣ್ಣ ಗುಡಿಗಳ ಸಾಲು. ಇಡೀ ಗುಡಿ ಗುಡಿಗಳಿಂದಲೇ ಆಗಿದೆ.

ಕಾರಣ ಒಂದಲ್ಲ. ಮೊದಲನೆಯದು ನಂಬಿಕೆಯದು. ದೇವರ ವಾಸ ಅಂದರೆ ಒಂಟಿ ಮನೆಯಲ್ಲ, ಒಂದು ವಾಡೆ. ವಾಡೆಯೊಳಗೆ ಹತ್ತಾರು ಮನೆ ಇರುವಂತೆ ದೇವರ ಮನೆಯಲ್ಲಿ ದೇವತೆಗಳ ಮನೆಗಳು. ಗುಡಿಯ ಶಿಲ್ಪವನ್ನು ಅಧ್ಯಯನ ಮಾಡಿದವರು ಇನ್ನೊಂದು ಮಾತನ್ನೂ ಸೇರಿಸುತ್ತಾರೆ. ಒಳಗಿರುವ ದೇವರ ಶಕ್ತಿ ಹೊರಗೆ ನಾಲ್ಕೂ ಕಡೆ ಹಬ್ಬುತ್ತಿದೆ ಅನ್ನುವುದನ್ನು ಕಲ್ಲಿನಲ್ಲಿ ತೋರಿಸುವ ರೀತಿ ಅದು. ಬೀಜದಿಂದ ಮೊಳಕೆ ಒಡೆದಂತೆ, ದೊಡ್ಡ ಗುಡಿಯ ಮೈಯಿಂದ ಸಣ್ಣ ಗುಡಿಗಳು ಒಡೆದು ಬರುತ್ತಿವೆ.

ಎರಡನೆಯದು ಕಣ್ಣಿನದು. ಗೋಡೆ ನೇರವಾಗಿದ್ದರೆ ಬಿಸಿಲಿಗೆ ಸಪ್ಪೆ ಕಾಣುತ್ತದೆ. ಒಂದಿಷ್ಟು ಮುಂದೆ, ಒಂದಿಷ್ಟು ಹಿಂದೆ ಮಾಡಿ ಮಡಿಕೆ ಮಡಿಕೆಯಾಗಿ ಕಟ್ಟಿದರೆ ನೆರಳು ಬೀಳುತ್ತದೆ. ಇಳಕಲ್ಲ ಸೀರೆಯ ನೆರಿಗೆ ನೋಡಿ. ಒಂದೇ ಬಟ್ಟೆ, ಆದರೆ ನೆರಿಗೆ ಹಾಕಿದಾಗ ಅದರ ಬಣ್ಣ ಎದ್ದು ಕಾಣುವುದಿಲ್ಲವೇ? ಆ ಒಂದೊಂದು ನೆರಿಗೆಯ ಮೇಲೂ ಒಂದೊಂದು ಸಣ್ಣ ಗುಡಿ ಕೂರುತ್ತದೆ.

ಮೂರನೆಯ ಸಂಗತಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು. ಆ ಸಣ್ಣ ಶಿಖರಗಳೆಲ್ಲ ಒಂದೇ ಥರ ಇಲ್ಲ! ದೇಶದ ಬೇರೆ ಬೇರೆ ಕಡೆಯ ಗುಡಿಗಳ ಆಕಾರ ಒಂದೇ ಗೋಡೆಯ ಮೇಲೆ ಸಿಗುತ್ತವೆ. ದರ್ಜಿ ಅಂಗಡಿಯಲ್ಲಿ ಇಟ್ಟಿರುತ್ತಾರಲ್ಲ, ಬ್ಲೌಸಿನ ನಮೂನೆ ಪುಸ್ತಕ, ಹಾಗೆ. ತನಗೆ ಏನೇನು ಗೊತ್ತು ಅಂತ ಶಿಲ್ಪಿ ಅಲ್ಲಿ ಬರೆದಿಟ್ಟಿದ್ದಾನೆ.

ನಾಗರ, ದ್ರಾವಿಡ, ಮತ್ತು ಹೇಸರಗತ್ತೆ

ಆ ನಮೂನೆಗಳಿಗೆ ಹೆಸರು ಬೇಕಲ್ಲ. ಮುಖ್ಯವಾಗಿ ಮೂರು.

ದ್ರಾವಿಡ ದಕ್ಷಿಣದ್ದು. ಬುತ್ತಿಯ ಡಬ್ಬಿಗಳನ್ನು ದೊಡ್ಡದರಿಂದ ಸಣ್ಣದಕ್ಕೆ ಒಂದರ ಮೇಲೊಂದು ಇಟ್ಟಂತೆ, ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ನಾಗರ ಉತ್ತರದ್ದು. ಮೆಟ್ಟಿಲು ಕಾಣುವುದಿಲ್ಲ. ಗೋವಿನಜೋಳದ ತೆನೆಯನ್ನು ನಿಲ್ಲಿಸಿದಂತೆ ಬುಡದಿಂದ ತುದಿಗೆ ಒಂದೇ ಬಾಗು. ಈ ಎರಡೂ ಅಕ್ಕಪಕ್ಕದಲ್ಲಿ ನೋಡಬೇಕಾದರೆ ಪಟ್ಟದಕಲ್ಲಿಗೆ ಹೋಗಬೇಕು.

ನಮ್ಮ ಭಾಗದ ಶಿಲ್ಪಿಗಳು ಮಾಡಿದ್ದು ಮೂರನೆಯದು, ವೇಸರ. ಬುನಾದಿ ದ್ರಾವಿಡದ್ದೇ, ಮೆಟ್ಟಿಲುಗಳೂ ಇವೆ. ಆದರೆ ಮೆಟ್ಟಿಲುಗಳನ್ನು ಎಷ್ಟು ಒತ್ತೊತ್ತಾಗಿ ಇಟ್ಟು, ನಡುವಿನ ಪಟ್ಟಿಗಳನ್ನು ಹೇಗೆ ಮೇಲಕ್ಕೆ ಎಳೆದಿದ್ದಾರೆ ಅಂದರೆ, ಕಣ್ಣು ಅಡ್ಡಕ್ಕೆ ನಿಲ್ಲುವುದಿಲ್ಲ, ನಾಗರದಲ್ಲಿ ಹರಿದಂತೆ ಮೇಲಕ್ಕೆ ಹರಿಯುತ್ತದೆ.

ವೇಸರ ಅಂದರೆ ಏನು? ಸಂಸ್ಕೃತದಲ್ಲಿ ಆ ಪದಕ್ಕೆ ಹೇಸರಗತ್ತೆ ಎಂಬ ಅರ್ಥವಿದೆ. ನಮ್ಮ 'ಹೇಸರ' ಕೂಡ ಅದರಿಂದಲೇ ಬಂದದ್ದು. ಕುದುರೆಯೂ ಅಲ್ಲ, ಕತ್ತೆಯೂ ಅಲ್ಲ, ಎರಡರ ಬೆರಕೆ. ಹೆಸರಿಗೆ ಬೇರೆ ವಿವರಣೆಗಳೂ ಇವೆ, ಆದರೆ ಇದು ನೆನಪಿನಲ್ಲಿ ಉಳಿಯುತ್ತದೆ. ನನ್ನ ಅಳಿಯ ಆವತ್ತಿನಿಂದ ಒಂದೊಂದು ಗುಡಿ ಬಂದಾಗಲೂ "ಇದು ಹ್ಯಾಸರಗತ್ತಿ ಏನ್ ಮಾಮಾ?" ಅಂತ ಕೇಳುತ್ತಾನೆ.

ಅತ್ತಿಮಬ್ಬೆಯ ಬಸದಿ

ಲಕ್ಕುಂಡಿಯಲ್ಲಿ ಶಿವನ ಗುಡಿಗಳೇ ಜಾಸ್ತಿ. ಆದರೆ ಊರಿನ ದೊಡ್ಡ ಹೆಸರು ಒಬ್ಬ ಜೈನ ಹೆಣ್ಣುಮಗಳದು. ಬ್ರಹ್ಮ ಜಿನಾಲಯವನ್ನು 1007ರಲ್ಲಿ ಕಟ್ಟಿಸಿದವಳು ಅತ್ತಿಮಬ್ಬೆ, ದಂಡನಾಯಕ ನಾಗದೇವನ ಹೆಂಡತಿ. ಆಗ ಆಳುತ್ತಿದ್ದವನು ಇರಿವಬೆಡಂಗ ಸತ್ಯಾಶ್ರಯ. ರನ್ನನಿಗೆ ಆಸರೆಯಾಗಿದ್ದವಳು ಇವಳೇ. ಪೊನ್ನನ ಶಾಂತಿಪುರಾಣ ಕಳೆದುಹೋಗಬಾರದು ಎಂದು ಅದರ 1000 ಪ್ರತಿ ಮಾಡಿಸಿ ಹಂಚಿದಳು. ಪ್ರತಿ ಮಾಡುವುದು ಅಂದರೆ ಆಗ ಓಲೆಗರಿಯ ಮೇಲೆ ಒಂದೊಂದು ಅಕ್ಷರವನ್ನೂ ಕೈಯಿಂದ ಕೊರೆಯುವುದು. ದಾನಚಿಂತಾಮಣಿ ಎಂಬ ಬಿರುದು ಸುಮ್ನೆ ಬಂದದ್ದಲ್ಲ.

ಬಸದಿಯ ಹೊರಗೋಡೆ ಕಾಶಿ ವಿಶ್ವನಾಥನ ಗೋಡೆಗಿಂತ ಸರಳ. ಸಣ್ಣ ಗುಡಿಗಳು ಇಲ್ಲೂ ಇವೆ, ಬಿಡಿಬಿಡಿಯಾಗಿ. ಹಾಗಾಗಿ ಮಕ್ಕಳಿಗೆ ಮೊದಲು ಇದನ್ನು ತೋರಿಸಿ, ಆಮೇಲೆ ಕಾಶಿ ವಿಶ್ವನಾಥಕ್ಕೆ ಹೋದರೆ ಒಳ್ಳೆಯದು. ನಾವು ಉಲ್ಟಾ ಮಾಡಿದೆವು. ಒಳಗಿನ ಮಂಟಪದಲ್ಲಿ ನಾಲ್ಕು ಮುಖದ ಬ್ರಹ್ಮ ಮತ್ತು ಪದ್ಮಾವತಿಯ ಮೂರ್ತಿಗಳಿವೆ. ಪಕ್ಕದಲ್ಲೇ ಪುರಾತತ್ವ ಇಲಾಖೆಯ ಶಿಲ್ಪಗಳ ಸಂಗ್ರಹಾಲಯ.

ನೀರಿಗೂ ಗುಡಿ

ಮಾಣಿಕೇಶ್ವರ ಗುಡಿಯ ಹತ್ತಿರ ಮುಸುಕಿನ ಬಾವಿ ಇದೆ. ಇದು ಹಗ್ಗ ಬಿಟ್ಟು ಸೇದುವ ಬಾವಿಯಲ್ಲ, ಇಳಿದು ಹೋಗುವ ಬಾವಿ. ಮಳೆಗಾಲದಲ್ಲಿ ನೀರು ಮೇಲೆ, ಬೇಸಿಗೆಯಲ್ಲಿ ಕೆಳಗೆ. ನೀರು ಎಲ್ಲಿದೆಯೋ ಅಲ್ಲಿವರೆಗೆ ಮೆಟ್ಟಿಲು ಇಳಿದರಾಯಿತು. ಮೆಟ್ಟಿಲುಗಳ ನಡುವೆ ಮಂಟಪದಂಥ ಪುಟ್ಟ ಗೂಡುಗಳಿವೆ. ಅಲ್ಲೂ ಅದೇ ಅರೆಗಂಬ, ಅದೇ ಪುಟ್ಟ ಶಿಖರ.

ಮೆಟ್ಟಿಲು ಬಾವಿ ಬರೀ ಸೊಗಸಿಗೆ ಅಲ್ಲ. ಮಳೆ ಕಡಿಮೆ ಇರುವ ಎರೆಭೂಮಿಯ ಊರಿಗೆ ನೀರು ಹಿಡಿದಿಡುವ ದಾರಿ ಅದು. ಬಾವಿಯ ಬದಿ ಕುಸಿಯದಂತೆ ಮೆಟ್ಟಿಲುಗಳೇ ಆನಿಕೆಯಾಗಿ ನಿಲ್ಲುತ್ತವೆ. ನಾವು ಹೋದದ್ದು ಏಪ್ರಿಲ್‌ನಲ್ಲಿ, ಮಧ್ಯಾಹ್ನ 12ರ ಹೊತ್ತಿಗೆ, ಬರಿಗಾಲಲ್ಲಿ. ಜಗಲಿಯ ಕಲ್ಲು ಹಂಚಿನ ಹಾಗೆ ಕಾದಿತ್ತು. ಬಾವಿಯಲ್ಲಿ ಹತ್ತು ಮೆಟ್ಟಿಲು ಇಳಿದಾಗ ಮಾತ್ರ ಕಾಲಿಗೆ ತಂಪು ಸಿಕ್ಕಿತು. ತಪ್ಪು ನಮ್ಮದೇ. ಬೆಳಗ್ಗೆ 8ಕ್ಕೆ ಅಥವಾ ಸಂಜೆ 4ರ ನಂತರ ಹೋಗಬೇಕು. ಆಗ ಕಾಲೂ ಸುಡುವುದಿಲ್ಲ, ಓರೆ ಬಿಸಿಲಿಗೆ ಕೆತ್ತನೆಯ ನೆರಳೂ ಸರಿಯಾಗಿ ಬೀಳುತ್ತದೆ. ನಡುಮಧ್ಯಾಹ್ನದ ಫೋಟೋದಲ್ಲಿ ಎಲ್ಲ ಗೋಡೆಯೂ ಸಿಮೆಂಟ್ ಗೋಡೆಯೇ.

ಹತ್ತಿರದಲ್ಲೇ ಇರುವ ಇನ್ನಷ್ಟು

ಹುಬ್ಬಳ್ಳಿಯವರು ಅಭ್ಯಾಸಕ್ಕೆ ದೂರ ಹೋಗಬೇಕಿಲ್ಲ. ಉಣಕಲ್ಲಿನ ಚಂದ್ರಮೌಳೇಶ್ವರ ಗುಡಿ ಇದೇ ಕಾಲದ್ದು. ಅದರ ಗರ್ಭಗುಡಿಗೆ ನಾಲ್ಕೂ ದಿಕ್ಕಿಗೆ ಬಾಗಿಲು. ಗದಗಿನ ದಾರಿಯಲ್ಲಿ ಅಣ್ಣಿಗೇರಿಯ ಅಮೃತೇಶ್ವರ ಸಿಗುತ್ತದೆ. ಹಾವೇರಿಯವರಿಗೆ ಊರಲ್ಲೇ ಸಿದ್ಧೇಶ್ವರ ಇದೆ, ಅದರ ಮುಖ ಪಶ್ಚಿಮಕ್ಕೆ. ಹಾನಗಲ್ಲಿನ ತಾರಕೇಶ್ವರದಲ್ಲಿ ತಲೆ ಎತ್ತಿ ನೋಡಿ, ಚಾವಣಿಯ ಕಮಲ ನಡುವಿನಿಂದ ಕೆಳಕ್ಕೆ ಇಳಿಬಿದ್ದಿದೆ. ಲಕ್ಕುಂಡಿಯಿಂದ ಮುಂದೆ ಕೊಪ್ಪಳದ ಕಡೆ ಹೋದರೆ ಇಟಗಿಯ ಮಹಾದೇವ ಗುಡಿ, 1112ರದು. ಅಲ್ಲಿನ ಶಾಸನ ಅದನ್ನು 'ದೇವಾಲಯ ಚಕ್ರವರ್ತಿ' ಎಂದು ಕರೆಯುತ್ತದೆ.

ಡಂಬಳದ ನಕ್ಷತ್ರ

ನಮ್ಮ ದಿನ ಮುಗಿದದ್ದು ಡಂಬಳದಲ್ಲಿ. ಗದಗಿನಿಂದ ಸುಮಾರು 20 ಕಿ.ಮೀ. ದೊಡ್ಡಬಸಪ್ಪನ ಗುಡಿ 12ನೇ ಶತಮಾನದ್ದು. ಗೋಡೆಯನ್ನು ನೆರಿಗೆ ನೆರಿಗೆ ಮಾಡುವ ಚಾಳಿ ಇಲ್ಲಿ ಕೊನೆ ಮುಟ್ಟಿದೆ. ಗರ್ಭಗುಡಿಯ ಹೊರಮೈಯಲ್ಲಿ ನೇರ ಗೋಡೆಯೇ ಇಲ್ಲ, ಬರೀ ಮೂಲೆಗಳು. ಮೇಲಿನಿಂದ ನೋಡಿದರೆ 24 ಮೊನೆಯ ನಕ್ಷತ್ರ. ಆ ಮೊನೆಗಳು ಬುಡದಿಂದ ಶಿಖರದ ತನಕ ಹಾಗೇ ಏರುತ್ತವೆ.

ಇದನ್ನು ಹೇಗೆ ಗುರುತು ಹಾಕಿರಬಹುದು? ಕಷ್ಟದ ಗಣಿತ ಬೇಕಿಲ್ಲ. ಬಿಸ್ಕೀಟ್ ಡಬ್ಬಿಯ ರಟ್ಟಿನಲ್ಲಿ ಒಂದು ಚೌಕ ಕತ್ತರಿಸಿ. ನಡುವೆ ಗುಂಡುಪಿನ್ನು ಚುಚ್ಚಿ ಕಾಗದದ ಮೇಲೆ ಇಟ್ಟು ನಾಲ್ಕು ಮೂಲೆಗೂ ಚುಕ್ಕಿ ಹಾಕಿ. ಈಗ ರಟ್ಟನ್ನು 15 ಡಿಗ್ರಿ ತಿರುಗಿಸಿ. 15 ಡಿಗ್ರಿ ಅಂದರೆ ಗಡಿಯಾರದಲ್ಲಿ ಗಂಟೆಯ ಮುಳ್ಳು ಅರ್ಧ ಗಂಟೆಯಲ್ಲಿ ಸರಿಯುವಷ್ಟು. ಮತ್ತೆ ನಾಲ್ಕು ಚುಕ್ಕಿ. ಹೀಗೆ ಆರು ಸಲ ಆದರೆ 24 ಚುಕ್ಕಿಗಳು ಸಿಕ್ಕವು. ಚೌಕವೊಂದು ನಿಂತಲ್ಲೇ ಗಿರಕಿ ಹೊಡೆದರೆ ನಕ್ಷತ್ರ. ನೆಲದ ಮೇಲೆ ಒಂದು ಗೂಟ, ಒಂದು ಹಗ್ಗ ಇದ್ದರೆ ರಟ್ಟಿನ ಈ ಆಟವನ್ನೇ ದೊಡ್ಡದಾಗಿ ಆಡಬಹುದು.

ಆದರೆ ಗುರುತು ಹಾಕುವುದು ಬೇರೆ, ಕಟ್ಟುವುದು ಬೇರೆ. ಇಲ್ಲಿ ಗಾರೆ ಇಲ್ಲ, ಕಲ್ಲಿನ ಮೇಲೆ ಕಲ್ಲು ಭಾರದಿಂದಲೇ ನಿಂತಿದೆ. ಒಂದು ಮೊನೆ ಎರಡು ಬೆರಳು ಆಚೀಚೆ ಆದರೂ ಮೇಲಿನ ಸಾಲುಗಳು ಕೂಡುವುದಿಲ್ಲ. ಶಿಖರ ಸಣ್ಣದಾಗುತ್ತಾ ಹೋದಂತೆ 24 ಮೊನೆಗಳೂ ಅದೇ ಲೆಕ್ಕದಲ್ಲಿ ಸಣ್ಣದಾಗಬೇಕು.

ನಾನು ಇಷ್ಟು ಹೇಳಿ ಮುಗಿಸುವಷ್ಟರಲ್ಲಿ ಹುಡುಗ ಎಣಿಸಲು ಓಡಿದ್ದ. ಒಂದು ಸುತ್ತು ಬಂದು "24 ಇಲ್ಲ" ಅಂದ. ಅವ್ವನಿಗೆ ಸಿಟ್ಟು ಬಂತು, ತಾನೇ ಎಣಿಸುತ್ತೇನೆಂದು ಹೊರಟಳು. ಅವಳಿಗೂ 24 ಸಿಗಲಿಲ್ಲ. ಇಬ್ಬರಿಗೂ ಬೇರೆ ಬೇರೆ ಸಂಖ್ಯೆ ಬಂದಿತ್ತು, ಅದು ಬೇರೆ ಮಾತು. ಕೊನೆಗೆ ಮೂವರೂ ಸೇರಿ ಸುತ್ತಿದಾಗ ಕಾರಣ ಕಂಡಿತು. ನಕ್ಷತ್ರಕ್ಕೆ ಮುಂದಿನ ಮಂಟಪ ಕೂಡುವ ಕಡೆ ಕೆಲವು ಮೊನೆಗಳು ಗೋಡೆಯೊಳಗೆ ಮುಚ್ಚಿಹೋಗಿವೆ. ಲೆಕ್ಕದಲ್ಲಿ ಇವೆ, ಕಣ್ಣಿಗಿಲ್ಲ.

"ಹಂಗಾರ ಮುಚ್ಚಿದ್ದು ಎಷ್ಟು?" ಅಂತ ಕೇಳಿ ಹುಡುಗ ಮತ್ತೆ ಮೊದಲಿನಿಂದ ಶುರು ಮಾಡಿದ. ಹೊತ್ತು ಮುಳುಗುತ್ತಿತ್ತು. ಅವ್ವ ಅಷ್ಟರಲ್ಲಿ ಕಟ್ಟೆಯ ಮೇಲೆ ಕೂತು ಉಳಿದ ರೊಟ್ಟಿ, ಶೇಂಗಾ ಚಟ್ನಿ ಬಿಚ್ಚಿದ್ದಳು.